ಮೇಪಲ್ ಬೊಡ್ಡೆಗೆ ಗರಗಸ ಇಡುವ ಮೊದಲು ಕಸಿ ಗಂಟು ಎಲ್ಲಿದೆ ನೋಡಿ

ಪ್ರಶ್ನೆ: ನಮಸ್ತೆ ಮೇಡಂ. ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮೂರು ವರ್ಷದ ಹಿಂದೆ ಇಲ್ಲಿನ ಒಂದು ನರ್ಸರಿಯಿಂದ ಕೆಂಪೆಲೆಯ ಜಪಾನೀಸ್ ಮೇಪಲ್ ತಂದೆ. ಚೀಟಿಯಲ್ಲಿ ‘ಬ್ಲಡ್‌ಗುಡ್’ ಅಂತ ಬರೆದಿದೆ. ಈಗಲೂ ಅದೇ ಪ್ಲಾಸ್ಟಿಕ್ ಕುಂಡದಲ್ಲಿದೆ. ಎತ್ತರ ಐದೂವರೆ ಅಡಿ. ಬುಡ ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಅಳೆದರೆ ಎರಡೂವರೆ ಸೆಂಟಿಮೀಟರ್. ಮಣ್ಣಿನಿಂದ ನಾಲ್ಕು ಬೆರಳು ಮೇಲೆ ಒಂದು ಸಣ್ಣ ಉಬ್ಬು ಇದೆ. ಅದರ ಮೇಲೆ ಎರಡಡಿವರೆಗೆ ಒಂದು ರೆಂಬೆಯೂ ಇಲ್ಲ, ಸುಮ್ನೆ ಕೋಲು. ಬೋನ್ಸಾಯ್ ಮಾಡಬೇಕು ಅಂತ ಆಸೆ. ಮಣ್ಣಿನಿಂದ 10 ಸೆಂ.ಮೀ. ಬಿಟ್ಟು ಉಳಿದದ್ದನ್ನೆಲ್ಲ ಕತ್ತರಿಸಿದರೆ ಬುಡ ದಪ್ಪವಾಗುತ್ತದೆ ಅಂತ ವಿಡಿಯೋಗಳಲ್ಲಿ ನೋಡಿದೆ. ಒಬ್ಬರು ಫೆಬ್ರವರಿಯಲ್ಲಿ ಕತ್ತರಿಸಿ ಅಂತಾರೆ, ಇನ್ನೊಬ್ಬರು ಫೆಬ್ರವರಿಯಲ್ಲಿ ಕತ್ತರಿಸಿದರೆ ನೀರು ಸೋರಿ ಸೋರಿ ಗಿಡ ಸತ್ತೇ ಹೋಗುತ್ತದೆ ಅಂತಾರೆ. ಕತ್ತರಿಸಿದ ಜಾಗಕ್ಕೆ ಪೇಂಟ್ ಹಚ್ಚು ಅಂತ ಪಕ್ಕದ ಮನೆಯವರ ಸಲಹೆ. ಗಿಡ ಈಗ ಹೀಟರ್ ಇಲ್ಲದ ಗ್ಯಾರೇಜಿನಲ್ಲಿದೆ. ಗರಗಸ ತಂದಿಟ್ಟುಕೊಂಡಿದ್ದೇನೆ, ಧೈರ್ಯ ಬರುತ್ತಿಲ್ಲ. ಇನ್ನೊಂದು ಮಾತು, ಕತ್ತರಿಸಿದ ಮೇಲಿನ ತುಂಡನ್ನು ಮೈಸೂರಿಗೆ ತಂದು ನೆಡಬಹುದಾ ಅಂತ ಅಮ್ಮ ಕೇಳುತ್ತಿದ್ದಾರೆ.

ಉತ್ತರ: ಧೈರ್ಯ ಬರದೆ ಇದ್ದದ್ದೇ ಒಳ್ಳೆಯದಾಯಿತು. ಗರಗಸವನ್ನು ಸದ್ಯಕ್ಕೆ ಎತ್ತಿಡಿ.

ನಿಮ್ಮ ಭಯ ಗಿಡ ಸಾಯುತ್ತದಾ ಅನ್ನುವುದು. ಬೇರು ಚೆನ್ನಾಗಿರುವ ಎಳೆಯ ಮೇಪಲ್ ಒಂದೇ ಒಂದು ಕತ್ತರಿಸುವಿಕೆಗೆ ಸಾಯುವುದು ಅಪರೂಪ. ರೇಷ್ಮೆ ಬೆಳೆಯುವ ಕಡೆ ಹಿಪ್ಪುನೇರಳೆಯನ್ನು ಬುಡಕ್ಕೇ ಸವರಿಬಿಡುತ್ತಾರೆ, ತಿಂಗಳಲ್ಲಿ ಮತ್ತೆ ಹಸಿರು ತುಂಬಿಕೊಂಡು ನಿಲ್ಲುತ್ತದೆ. ಮೇಪಲ್ ಅಷ್ಟು ಗಟ್ಟಿಗಿತ್ತಿ ಅಲ್ಲ, ಆದರೆ ಸ್ವಭಾವದಲ್ಲಿ ಅದಕ್ಕೆ ಹತ್ತಿರದ್ದೇ. ನನಗೆ ಚಿಂತೆ ಹಚ್ಚಿದ್ದು ನಿಮ್ಮ ಪತ್ರದ ಬೇರೆ ಎರಡು ಮಾತು. ಒಂದು, ಕತ್ತರಿಸಿದರೆ ಬುಡ ದಪ್ಪವಾಗುತ್ತದೆ ಅನ್ನುವ ನಂಬಿಕೆ. ಇನ್ನೊಂದು, ನಾಲ್ಕು ಬೆರಳು ಮೇಲಿರುವ ಆ ‘ಸಣ್ಣ ಉಬ್ಬು’. ಅದನ್ನು ನೀವು ಬರೆದದ್ದು ಏನೋ ಲೆಕ್ಕಕ್ಕಿಲ್ಲದ ವಿವರದಂತೆ. ನನ್ನ ಪಾಲಿಗೆ ಇಡೀ ಪತ್ರದಲ್ಲಿ ಮುಖ್ಯವಾದದ್ದೇ ಅದು.

ಆ ಉಬ್ಬು ಏನು?

ಅದು ಕಸಿ ಗಂಟು. ನರ್ಸರಿಗಳಲ್ಲಿ ಹೆಸರಿಟ್ಟು ಮಾರುವ ಜಪಾನೀಸ್ ಮೇಪಲ್‌ಗಳು ಬಹುಪಾಲು ಕಸಿ ಗಿಡಗಳೇ. ಬೀಜದಿಂದ ಬೆಳೆದ ಸಾಮಾನ್ಯ ಹಸಿರು ಮೇಪಲ್ ಸಸಿಯ ಬುಡಕ್ಕೆ ಬೇಕಾದ ತಳಿಯ ಕಡ್ಡಿ ಕೂಡಿಸುತ್ತಾರೆ. ನಮ್ಮ ಕಡೆ ಮಾವಿನ ಗಿಡಕ್ಕೆ ಮಾಡುವ ಹಾಗೆಯೇ. ಬುಡ ಯಾವುದೋ ಕಾಡು ಓಟೆಯದು, ತಲೆ ಬಾದಾಮಿಯದು. ನಿಮ್ಮ ಗಿಡದಲ್ಲಿ ಉಬ್ಬಿನ ಕೆಳಗಿರುವುದು ಹೆಸರಿಲ್ಲದ ಹಸಿರು ಮೇಪಲ್, ಮೇಲಿರುವುದು ಬ್ಲಡ್‌ಗುಡ್. ಗಂಟಿನ ಕೆಳಗೂ ಮೇಲೂ ತೊಗಟೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ, ಬಣ್ಣದಲ್ಲೋ ಗೆರೆಯಲ್ಲೋ ವ್ಯತ್ಯಾಸ ಕಾಣಬಹುದು.

ಈಗ ನಿಮ್ಮ ಲೆಕ್ಕವನ್ನೇ ಹಾಕಿ ನೋಡೋಣ. ನಾಲ್ಕು ಬೆರಳು ಅಂದರೆ ಏಳು ಸೆಂ.ಮೀ. ಇರಬಹುದು. ನೀವು ಕತ್ತರಿಸಬೇಕೆಂದಿರುವುದು ಹತ್ತಕ್ಕೆ. ಗಂಟಿನ ಮೇಲೆ ಉಳಿಯುವುದು ಮೂರೇ ಸೆಂ.ಮೀ. ಕೆಂಪು ಜಾತಿಯ ಕಾಂಡ. ಆ ಮೂರು ಸೆಂ.ಮೀ.ನಲ್ಲಿ ಚಿಗುರು ಬಂದರೆ ಎಲೆ ಕೆಂಪು. ಅಲ್ಲಿ ಬರದೆ ಗಂಟಿನ ಕೆಳಗೆ ಬಂದರೆ ಎಲೆ ಹಸಿರು. ಎರಡೂ ಕಡೆ ಬಂದರೆ ಸಾಮಾನ್ಯವಾಗಿ ಹಸಿರಿನದೇ ಜೋರು, ಕೆಂಪನ್ನು ಹಿಂದೆ ಹಾಕಿ ಓಡುತ್ತದೆ. ಕೆಂಪೇ ಗೆದ್ದಿತು ಅಂತಲೇ ಇಟ್ಟುಕೊಳ್ಳಿ. ನಾಳೆ ನಿಮ್ಮ ಬೋನ್ಸಾಯ್‌ನ ಬೊಡ್ಡೆಯಲ್ಲಿ, ನೋಡುವವರ ಕಣ್ಣು ಮೊದಲು ಬೀಳುವ ಜಾಗದಲ್ಲೇ ಒಂದು ಗಂಟು ಇರುತ್ತದೆ. ವರ್ಷ ಹೋದಂತೆ ಅದು ದೊಡ್ಡದೂ ಆಗಬಹುದು, ಏಕೆಂದರೆ ಮೇಲಿನದೂ ಕೆಳಗಿನದೂ ಒಂದೇ ವೇಗದಲ್ಲಿ ದಪ್ಪವಾಗುವುದಿಲ್ಲ. ದೊಡ್ಡ ಮರದಲ್ಲಿ ಇದು ಯಾರಿಗೂ ಕಾಣುವುದಿಲ್ಲ. ಒಂದು ಗೇಣಿನ ಮರದಲ್ಲಿ ಬೇರೆ ಏನೂ ಕಾಣುವುದಿಲ್ಲ.

ಮೊದಲ ವರ್ಷಗಳಲ್ಲಿ ನಾನೂ ಇದೇ ತಪ್ಪು ಮಾಡಿದೆ. ಕೆಂಪು ಮೇಪಲ್ ತಂದು, ಗಂಟು ಎಲ್ಲಿದೆ ಅಂತ ನೋಡದೆ, ಚೆನ್ನಾಗಿ ಕೆಳಗೇ ಕತ್ತರಿಸಿದೆ. ಸೊಗಸಾಗಿ ಚಿಗುರಿತು. ಎಲ್ಲ ಹಸಿರು. ಅದು ಈಗಲೂ ನನ್ನ ಹತ್ತಿರ ಇದೆ, ನಿಜ ಹೇಳಬೇಕೆಂದರೆ ನನ್ನ ಒಳ್ಳೆಯ ಗಿಡಗಳಲ್ಲಿ ಒಂದು. ಆದರೆ ಅದಕ್ಕಾಗಿ ಕೆಂಪು ಮೇಪಲ್‌ನ ದುಡ್ಡು ಕೊಟ್ಟಿದ್ದೆ ಅಲ್ವಾ!

ಕತ್ತರಿಸಿದರೆ ದಪ್ಪವಾಗುತ್ತದಾ?

ಇಲ್ಲ. ವಿಡಿಯೋಗಳಲ್ಲಿ ಅರ್ಧ ಮಾತ್ರ ಹೇಳುವ ಸಂಗತಿ ಇದು.

ಮರ ದಪ್ಪವಾಗುವುದು ಎಲೆಯ ದುಡಿಮೆಯಿಂದ. ಎಲೆ ಮಾಡಿದ ಸಕ್ಕರೆ ತೊಗಟೆಯ ಒಳಪದರದಲ್ಲಿ ಕೆಳಗಿಳಿಯುತ್ತದೆ. ತೊಗಟೆಗೂ ಕಟ್ಟಿಗೆಗೂ ನಡುವೆ ಒಂದು ತೆಳು ಪದರ ಇದೆ, ಕೇಂಬಿಯಂ ಅಂತಾರೆ. ಆ ಸಕ್ಕರೆ ಉಂಡು ಅದು ವರ್ಷಕ್ಕೊಂದು ಹೊಸ ಉಂಗುರ ಕಟ್ಟಿಗೆ ಹಾಕುತ್ತದೆ. ಎಲೆ ಜಾಸ್ತಿ ಇದ್ದರೆ ಉಂಗುರ ದಪ್ಪ, ಕಡಿಮೆ ಇದ್ದರೆ ತೆಳು. ನೀವು ಐದೂವರೆ ಅಡಿ ಗಿಡವನ್ನು 10 ಸೆಂ.ಮೀ.ಗೆ ಇಳಿಸಿದರೆ ದುಡಿಯುವ ಎಲೆಗಳನ್ನೆಲ್ಲ ಕೆಲಸದಿಂದ ತೆಗೆದ ಹಾಗೆ. ಆಮೇಲೆ ಒಂದೆರಡು ವರ್ಷ ಬುಡ ಹೆಚ್ಚುಕಮ್ಮಿ ಹಾಗೇ ಇರುತ್ತದೆ.

ಹಾಗಾದರೆ ಬೋನ್ಸಾಯ್ ಮಾಡುವವರು ಕತ್ತರಿಸುವುದೇಕೆ? ಆಕಾರಕ್ಕೆ. ನಿಮ್ಮ ಗಿಡ ಈಗ ಬುಡದಿಂದ ಎರಡಡಿವರೆಗೆ ಪೊರಕೆ ಕಡ್ಡಿಯ ಹಾಗೆ ಒಂದೇ ಸಮ ಇದೆ. ಹಳೆಯ ಮರ ಹಾಗಿರುವುದಿಲ್ಲ. ಬುಡ ಅಗಲ, ಮೇಲೆ ಹೋದಂತೆ ಸಣ್ಣ, ನಡುವೆ ಒಂದೆರಡು ಓರೆ. ದಪ್ಪ ಬೊಡ್ಡೆಯನ್ನು ಗಿಡ್ಡಕ್ಕೆ ಕತ್ತರಿಸಿ, ಅದರ ತುದಿಯಲ್ಲಿ ಬಂದ ಸಣ್ಣ ಚಿಗುರನ್ನೇ ಹೊಸ ಕಾಂಡ ಮಾಡಿಕೊಂಡರೆ ಕೆಳಗೆ ದಪ್ಪ, ಮೇಲೆ ಸಣ್ಣ ಅನ್ನುವ ಆಕಾರ ತಾನಾಗಿ ಬರುತ್ತದೆ. ಆ ಚಿಗುರು ಕೆಳಗಿನ ಬೊಡ್ಡೆಯ ಅರ್ಧಕ್ಕಿಂತ ಜಾಸ್ತಿ ದಪ್ಪ ಬರುವವರೆಗೆ ಬೆಳೆಯಲು ಬಿಟ್ಟು, ಮತ್ತೆ ಕತ್ತರಿಸುತ್ತಾರೆ. ಹೀಗೆ ಎರಡು ಮೂರು ಸುತ್ತು. ಅಂದರೆ ದಪ್ಪ ಮಾಡುವುದು ಕತ್ತರಿಸುವಿಕೆಯ ನಡುವಿನ ವರ್ಷಗಳು. ಜಪಾನಿನಲ್ಲಿ ಮೇಪಲ್ ಬೋನ್ಸಾಯ್‌ಗೆ ಗಿಡ ತಯಾರು ಮಾಡುವವರು ಇದಕ್ಕೇ ಅವನ್ನು ವರ್ಷಗಟ್ಟಲೆ ಹೊಲದ ನೆಲದಲ್ಲಿ ಬೆಳೆಸುತ್ತಾರೆ. ಅಂಗೈ ಅಗಲದ ಕುಂಡಕ್ಕೆ ಅವು ಬರುವುದು ಕೊನೆಗೆ.

ಒಂದು ಅಂದಾಜು ಹೇಳುತ್ತೇನೆ, ಕಟ್ಟಳೆ ಅಂತ ತಿಳಿಯಬೇಡಿ. ಮರದ ಕೊನೆಯ ಎತ್ತರ ಬುಡದ ದಪ್ಪದ ಆರು ಪಟ್ಟು ಇದ್ದರೆ ಗಟ್ಟಿಮುಟ್ಟಾಗಿ ಕಾಣುತ್ತದೆ. ಮೊದಲ ಕತ್ತರಿ ಆ ಎತ್ತರದ ಮೂರನೇ ಒಂದು ಭಾಗಕ್ಕೆ. ನಿಮ್ಮ ಎರಡೂವರೆ ಸೆಂ.ಮೀ. ಬುಡಕ್ಕೆ ಕೊನೆಯ ಎತ್ತರ 15 ಸೆಂ.ಮೀ., ಮೊದಲ ಕತ್ತರಿ ಐದಕ್ಕೆ. ಅಂದರೆ ಅಂಗೈ ಮೇಲೆ ಕೂರುವ ಮರ. ಶೋಹಿನ್ ಅಂತಾರೆ ಜಪಾನಿನವರು, ಸುಮಾರು 20 ಸೆಂ.ಮೀ. ಒಳಗಿನವು. ನಿಮಗೆ ಅದೇ ಬೇಕಿದ್ದರೆ ಗಿಡ ದಪ್ಪ ಸಾಕು. ಒಂದೂವರೆ ಅಡಿಯ ಮರ ಮನಸ್ಸಿನಲ್ಲಿದ್ದರೆ ಇದನ್ನು ಈಗ ಕತ್ತರಿಸುವುದೇ ತಪ್ಪು, ಇನ್ನೂ ಬೆಳೆಯಬೇಕು. ನೀವು ಎಷ್ಟು ದೊಡ್ಡ ಮರ ಬೇಕು ಅಂತ ಬರೆದಿಲ್ಲ. ಗರಗಸ ತರುವ ಮೊದಲು ಕೇಳಿಕೊಳ್ಳಬೇಕಿದ್ದ ಪ್ರಶ್ನೆ ಅದು.

ಫೆಬ್ರವರಿ, ಸೋರುವ ನೀರು, ಪೇಂಟ್

ಮೇಪಲ್ ಸೋರುವುದು ನಿಜ. ಸತ್ತು ಹೋಗುವುದು ಸುಳ್ಳು. ಉತ್ತರ ಅಮೆರಿಕದಲ್ಲಿ ಚಳಿಗಾಲದ ಕೊನೆಗೆ, ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಕರಗುವ ಬಿಸಿಲು ಇರುವ ದಿನಗಳಲ್ಲಿ ಮೇಪಲ್ ಕಾಂಡದ ಒಳಗೆ ಒತ್ತಡ ಏಳುತ್ತದೆ. ಸಣ್ಣ ತೂತು ಕೊರೆದರೂ ತೊಟ್ಟಿಕ್ಕುತ್ತದೆ. ವರ್ಮಾಂಟ್‌ನವರು ಇದನ್ನೇ ಬಕೆಟ್ಟಿನಲ್ಲೋ ಕೊಳವೆಯಲ್ಲೋ ಹಿಡಿದು ಕುದಿಸಿ ಮೇಪಲ್ ಸಿರಪ್ ಮಾಡುತ್ತಾರೆ. ಸುಮಾರು 40 ಲೀಟರ್ ರಸಕ್ಕೆ ಒಂದು ಲೀಟರ್ ಸಿರಪ್. ನಮ್ಮ ಆಲೆಮನೆ ನೋಡಿದವರಿಗೆ ಆ ಹಬೆ, ಆ ವಾಸನೆ ಪರಿಚಯದ್ದೇ ಅನ್ನಿಸುತ್ತದೆ. ಹೀಗೆ ವರ್ಷವರ್ಷವೂ ರಸ ಕೊಡುವ ಮರಗಳು ಹತ್ತಾರು ವರ್ಷ ಬದುಕುತ್ತವೆ.

ಹಾಗಂತ ಫೆಬ್ರವರಿಯಲ್ಲಿ ನಿಮ್ಮ ಪುಟ್ಟ ಗಿಡ ಕತ್ತರಿಸಿ ಅಂತ ನಾನು ಹೇಳುವುದಿಲ್ಲ. ಸೋರುವ ಗಾಯ ದಿನಗಟ್ಟಲೆ ಒದ್ದೆ ಇರುತ್ತದೆ. ಸಿಹಿ ಬೇರೆ. ಹಚ್ಚಿದ ಮುಲಾಮು ನಿಲ್ಲುವುದಿಲ್ಲ. ತಂಪು, ಒದ್ದೆ ವಸಂತದಲ್ಲಿ ಮೇಪಲ್‌ಗೆ ಬರುವ ಒಂದು ಬ್ಯಾಕ್ಟೀರಿಯಾ ರೋಗ ಇದೆ, ಚಿಗುರು ಕಡ್ಡಿ ಇದ್ದಕ್ಕಿದ್ದಂತೆ ಕಪ್ಪಾಗುತ್ತದೆ. ಅದಕ್ಕೆ ಇಂಥ ಗಾಯ ತೆರೆದ ಬಾಗಿಲು. ಇನ್ನೂ ಒಂದು ಕಾರಣ ಇದೆ. ಆಗ ಗಾಯದ ಅಂಚು ಕೂಡಿಸಲು ಗಿಡದಲ್ಲಿ ದುಡಿಯುವ ಎಲೆಯೇ ಇರುವುದಿಲ್ಲ.

ನಾನು ಮೇಪಲ್ ಬೊಡ್ಡೆ ಕತ್ತರಿಸುವುದು ವಸಂತದ ಎಲೆಗಳು ಬಲಿತ ಮೇಲೆ. ನಿಮ್ಮ ಕಡೆ ಅದು ಮೇ ಕೊನೆ ಅಥವಾ ಜೂನ್ ಮೊದಲ ವಾರ. ಎಲೆ ಮುಟ್ಟಿದರೆ ಮೆತ್ತಗೆ ಇರಬಾರದು, ಕಾಗದದ ಹಾಗೆ ಗರಿ ಅನ್ನಿಸಬೇಕು. ಆ ಹೊತ್ತಿಗೆ ವಸಂತದಲ್ಲಿ ಖರ್ಚು ಮಾಡಿದ ಶಕ್ತಿಯನ್ನು ಗಿಡ ಮತ್ತೆ ಕೂಡಿಟ್ಟುಕೊಂಡಿರುತ್ತದೆ, ಸೋರುವುದು ನಿಂತಿರುತ್ತದೆ, ಹೊಸ ಚಿಗುರು ಗಟ್ಟಿಯಾಗಲು ಚಳಿಗಾಲದವರೆಗೆ ನಾಲ್ಕೈದು ತಿಂಗಳು ಸಿಗುತ್ತದೆ. ಮೊಗ್ಗು ಒಡೆಯುವ ಮುಂಚೆ ಕತ್ತರಿಸಿ ಚೆನ್ನಾಗಿ ಬೆಳೆಸುವವರೂ ಇದ್ದಾರೆ. ಆಗ ಚಿಗುರಿನ ಜೋರು ಜಾಸ್ತಿ, ಗೆಣ್ಣಿನ ನಡುವಿನ ಅಂತರವೂ ಜಾಸ್ತಿ. ಟ್ರೈಡೆಂಟ್ ಅನ್ನುವ ಇನ್ನೊಂದು ಜಾತಿಯ ಮೇಪಲ್ ಆಗಿದ್ದರೆ ನಾನೂ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ, ಅದು ಏನು ಮಾಡಿದರೂ ಸಹಿಸುತ್ತದೆ. ಜಪಾನೀಸ್ ಮೇಪಲ್ ಸ್ವಲ್ಪ ಮುನಿಸಿನ ಗಿಡ.

ಪೇಂಟ್ ಬೇಡ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೊ ಅನ್ನುವ ವಿಜ್ಞಾನಿ ಸಾವಿರಾರು ಮರಗಳನ್ನು ಸೀಳಿ ನೋಡಿ 1970ರ ದಶಕದಲ್ಲಿ ಒಂದು ಮಾತು ತೋರಿಸಿಕೊಟ್ಟರು. ಮರದ ಗಾಯ ನಮ್ಮ ಚರ್ಮದ ಹಾಗೆ ಮಾಯುವುದಿಲ್ಲ. ಕೆಟ್ಟ ಭಾಗದ ಸುತ್ತ ಮರ ಒಳಗೊಳಗೇ ಗೋಡೆ ಕಟ್ಟಿ, ಮೇಲಿಂದ ಹೊಸ ಕಟ್ಟಿಗೆ ಹೊದಿಸಿಕೊಳ್ಳುತ್ತದೆ. ಹಳೆಯ ಗಾಯ ಒಳಗೆ ಹಾಗೇ ಇರುತ್ತದೆ. ಮೇಲೆ ಪೇಂಟ್ ಬಳಿದರೆ ಒಳಗಿನ ಕೊಳೆ ನಿಲ್ಲುವುದಿಲ್ಲ. ಹಾಗಾದರೆ ನಾವು ಬೋನ್ಸಾಯ್‌ನವರು ಗಾಯಕ್ಕೆ ಕಟ್ ಪೇಸ್ಟ್ ಅನ್ನುವ ಮುಲಾಮು ಹಚ್ಚುವುದೇಕೆ ಅಂತ ಕೇಳುತ್ತೀರಿ. ಅದು ಕೊಳೆ ತಡೆಯಲು ಅಲ್ಲ, ಗಾಯದ ಅಂಚು ಒಣಗದಿರಲಿ ಅಂತ. ಅಂಚು ಹಸಿಯಾಗಿದ್ದರೆ ಸುತ್ತಲಿಂದ ತೊಗಟೆ ಬೇಗ ಉರುಳಿಕೊಂಡು ಬರುತ್ತದೆ. ಅದನ್ನೂ ಅಂಚಿಗೆ ಹಚ್ಚಿದರೆ ಸಾಕು. ಕತ್ತರಿಸುವ ಮುಂಚೆ ಗರಗಸ ಕತ್ತರಿಗಳನ್ನು ಸ್ಪಿರಿಟ್‌ನಲ್ಲಿ ಒರೆಸುವುದು ಇದಕ್ಕಿಂತ ಮುಖ್ಯ.

ನೀವು ಏನು ಮಾಡಬಹುದು

ನಿಮ್ಮ ಗಿಡ ನನ್ನದಾಗಿದ್ದರೆ ನಾನು ಈ ವರ್ಷ ಕತ್ತರಿಸುತ್ತಲೇ ಇರಲಿಲ್ಲ. ಗೂಟಿ ಕಟ್ಟುತ್ತಿದ್ದೆ, ಅಂದರೆ ಗಿಡದಲ್ಲಿರುವಾಗಲೇ ಕಾಂಡಕ್ಕೆ ಬೇರು ಬರಿಸುತ್ತಿದ್ದೆ.

ಹೌದು, ನಮ್ಮೂರಲ್ಲಿ ದಾಳಿಂಬೆಗೂ ಸೀಬೆಗೂ ಕಟ್ಟುವ ಅದೇ ಗೂಟಿ. ಜಪಾನೀಸ್ ಮೇಪಲ್ ಅದಕ್ಕೆ ಚೆನ್ನಾಗಿ ಒಗ್ಗುತ್ತದೆ. ಕಸಿ ಗಂಟಿನ ಮೇಲೆ ಬೇರು ಬರಿಸಿ, ಆಮೇಲೆ ಆ ಬೇರಿನ ಕೆಳಗೆ ಕತ್ತರಿಸಿದರೆ ಮೂರು ಕೆಲಸ ಒಟ್ಟಿಗೆ ಆಗುತ್ತವೆ. ಗಂಟು ನಿಮ್ಮ ಬೋನ್ಸಾಯ್‌ನಿಂದ ಹೊರಗೆ ಹೋಗುತ್ತದೆ. ಬೊಡ್ಡೆಯ ಸುತ್ತ ಎಲ್ಲ ಕಡೆ ಒಂದೇ ಮಟ್ಟದಲ್ಲಿ ಹೊಸ ಬೇರು ಬರುತ್ತದೆ. ಬೋನ್ಸಾಯ್‌ನಲ್ಲಿ ಮಣ್ಣಿನ ಮೇಲೆ ಹರಡಿ ಕಾಣುವ ಬೇರಿಗೆ ಬೊಡ್ಡೆಯಷ್ಟೇ ಬೆಲೆ, ಕುಂಡದಲ್ಲಿ ಸುತ್ತಿಕೊಂಡ ನರ್ಸರಿ ಬೇರಿನಿಂದ ಅದು ಸಿಗುವುದು ಕಷ್ಟ. ಜೊತೆಗೆ ಕೆಳಗಿನ ಹಸಿರು ಬುಡವೂ ಉಳಿಯುತ್ತದೆ. ಒಂದು ಗಿಡ ಎರಡಾಗುತ್ತದೆ.

ವಿಧಾನ ಇಷ್ಟು. ಮೇ ಕೊನೆಗೆ ಎಲೆ ಬಲಿತ ಮೇಲೆ, ಗಂಟಿನಿಂದ ಎರಡು ಬೆರಳು ಮೇಲೆ ತೊಗಟೆಯನ್ನು ಉಂಗುರದ ಹಾಗೆ ಪೂರ್ತಿ ತೆಗೆಯಿರಿ. ಉಂಗುರದ ಅಗಲ ಕಾಂಡದ ದಪ್ಪದ ಒಂದೂವರೆ ಪಟ್ಟು, ಅಂದರೆ ನಿಮ್ಮದಕ್ಕೆ ಸುಮಾರು ನಾಲ್ಕು ಸೆಂ.ಮೀ. ಇದರಲ್ಲಿ ಕಂಜೂಸುತನ ಬೇಡ. ಕಿರಿದಾಗಿ ತೆಗೆದರೆ ಗಿಡ ಬೇರು ಬಿಡುವ ಬದಲು ಮೇಲಿನ ಕೆಳಗಿನ ತೊಗಟೆಯನ್ನು ಕೂಡಿಸಿಕೊಂಡುಬಿಡುತ್ತದೆ, ಆಮೇಲೆ ನೀವು ಮೂರು ತಿಂಗಳು ಬರಿ ಪಾಚಿಗೆ ನೀರು ಹಾಕಿದ ಹಾಗಾಗುತ್ತದೆ. ಒಳಗಿನ ಜಾರುವ ಪದರವನ್ನೂ ಬಿಳಿ ಕಟ್ಟಿಗೆ ಕಾಣುವವರೆಗೆ ಕೆರೆಯಿರಿ. ಬೇರು ಬರುವುದು ಮೇಲಿನ ಅಂಚಿನಿಂದ, ಅದಕ್ಕೇ ಆ ಅಂಚನ್ನು ಚೂಪು ಚಾಕುವಿನಲ್ಲಿ ಒಂದೇ ಮಟ್ಟಕ್ಕೆ ಕತ್ತರಿಸಿ, ಬೇರು ಬರಿಸುವ ಹಾರ್ಮೋನ್ ಪುಡಿ ಹಚ್ಚಿ. ನೆನೆಸಿ ಹಿಂಡಿದ ಸ್ಫ್ಯಾಗ್ನಮ್ ಪಾಚಿಯನ್ನು ಒಂದು ಮುಷ್ಟಿ ದಪ್ಪಕ್ಕೆ ಸುತ್ತಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್, ಅದರ ಮೇಲೆ ಬಿಸಿಲು ತಾಗದಂತೆ ಅಡುಗೆಮನೆಯ ಅಲ್ಯುಮಿನಿಯಂ ಹಾಳೆ. ಆರೆಂಟು ವಾರದಲ್ಲಿ ಹಾಳೆ ಬಿಚ್ಚಿ ನೋಡಿದರೆ ಬಿಳಿ ಬೇರು ಕಾಣುತ್ತದೆ. ಆಗಲೇ ಕತ್ತರಿಸಬೇಡಿ. ಬಿಳಿ ಬೇರು ಮುಟ್ಟಿದರೆ ಮುರಿಯುತ್ತದೆ. ಅದು ಕಂದು ಬಣ್ಣಕ್ಕೆ ತಿರುಗಿ ಕವಲು ಒಡೆಯಲಿ.

ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲಿಗೆ ಬೇರಿನ ಕೆಳಗೆ ಕತ್ತರಿಸಿ, ಪಾಚಿಯನ್ನು ಬಿಡಿಸಲು ಹೋಗದೆ ಹಾಗೇ ನೀರು ಬಸಿಯುವ ಮಿಶ್ರಣಕ್ಕೆ ಹಾಕಿ. ಗಿಡ ಅಲುಗಾಡದಂತೆ ದಾರದಿಂದ ಬಿಗಿಯಿರಿ. ಮೇಲಿನ ಎತ್ತರವನ್ನು ಅರ್ಧಕ್ಕೆ ಇಳಿಸಿ, ಹೊಸ ಬೇರಿಗೆ ಅಷ್ಟು ಎಲೆ ಸಾಕುವ ತಾಕತ್ತು ಇರುವುದಿಲ್ಲ. ಎರಡು ಮೂರು ವಾರ ನೆರಳು. ಮೊದಲ ಚಳಿಗಾಲ ಜೋಪಾನ, ಗ್ಯಾರೇಜಿನಲ್ಲೂ ಕುಂಡ ಕಲ್ಲಿನಂತೆ ಹೆಪ್ಪುಗಟ್ಟದ ಮೂಲೆ ಹುಡುಕಿ. ಮೇಪಲ್‌ನ ಕೊಂಬೆ ತಡೆಯುವ ಚಳಿಯನ್ನು ಅದರ ಬೇರು ತಡೆಯುವುದಿಲ್ಲ. ಬೊಡ್ಡೆಯನ್ನು ಗಿಡ್ಡ ಮಾಡುವ ನಿಜವಾದ ಕತ್ತರಿ ಇದಕ್ಕೂ ಎರಡು ವರ್ಷ ಆದ ಮೇಲೆ, ಬೇರು ಕುಂಡ ತುಂಬಿದ ಮೇಲೆ.

ಅಪಾಯ ಇಲ್ಲವೇ ಅಂದರೆ, ಇದೆ. ಕೆಲವೊಮ್ಮೆ ಬೇರು ಬರುವುದೇ ಇಲ್ಲ. ಆಗ ಉಂಗುರ ತೆಗೆದ ಮೇಲಿನ ಭಾಗ ಒಂದೆರಡು ವರ್ಷದಲ್ಲಿ ಸೊರಗುತ್ತದೆ, ಉಳಿಯುವುದು ಹಸಿರು ಬುಡ ಮಾತ್ರ. ಇನ್ನೊಂದು, ಗೂಟಿ ಕಟ್ಟಿದ ಮೇಲೆ ಉಂಗುರದ ಕೆಳಗೆ ಚಿಗುರು ಬರಬಹುದು. ತುದಿಯಿಂದ ಇಳಿದು ಬರುವ ಆಕ್ಸಿನ್ ಅನ್ನುವ ಹಾರ್ಮೋನ್ ಕೆಳಗಿನ ಮೊಗ್ಗುಗಳನ್ನು ಮಲಗಿಸಿಟ್ಟಿರುತ್ತದೆ, ಉಂಗುರ ತೆಗೆದರೆ ಅದರ ದಾರಿ ಕಟ್ಟಾಗುತ್ತದೆ. ತುಳಸಿಯ ತುದಿ ಚಿವುಟಿದರೆ ಕೆಳಗೆ ಕವಲೊಡೆಯುವುದು ಇದೇ ಕಾರಣಕ್ಕೆ. ಆ ಕೆಳಗಿನ ಚಿಗುರುಗಳನ್ನು ದಯವಿಟ್ಟು ಕೀಳಬೇಡಿ, ನಾಳೆ ಹಸಿರು ಬುಡದ ಜೀವ ಉಳಿಸುವವು ಅವೇ.

ಇಷ್ಟೆಲ್ಲ ಬೇಡ, ನನಗೆ ಹಸಿರಾದರೂ ಸರಿ, ಬೋನ್ಸಾಯ್ ಬೇಕು ಅನ್ನುವವರಾದರೆ ದಾರಿ ಸಲೀಸು. ಜೂನ್‌ನಲ್ಲಿ ಗಂಟಿನ ಕೆಳಗೆ ನೇರವಾಗಿ ಕತ್ತರಿಸಿ. ನನ್ನನ್ನು ಕೇಳಿದರೆ ಬ್ಲಡ್‌ಗುಡ್ ಬೋನ್ಸಾಯ್‌ಗೆ ಅಷ್ಟೇನೂ ಒಳ್ಳೆಯ ತಳಿ ಅಲ್ಲ. ಎಲೆ ದೊಡ್ಡದು, ಗೆಣ್ಣುಗಳು ದೂರ ದೂರ. ಬೀಜದಿಂದ ಬಂದ ಸಾಮಾನ್ಯ ಹಸಿರು ಮೇಪಲ್ ಸಣ್ಣ ಕವಲು ಕೊಡುವುದರಲ್ಲಿ ಅದಕ್ಕಿಂತ ಮೇಲು. ಶರತ್ಕಾಲದಲ್ಲಿ ಅದೂ ಕೆಂಪಾಗುತ್ತದೆ, ಕಿತ್ತಳೆಯೂ ಆಗುತ್ತದೆ. ಆದರೆ ನೀವು ಕೆಂಪು ನೋಡಿಯೇ ತಂದದ್ದು, ಆ ನಿರ್ಧಾರ ನಿಮ್ಮದು.

ಮೂರನೆಯದು, ದೊಡ್ಡ ಮರವೇ ಬೇಕಿದ್ದರೆ ಏನೂ ಕತ್ತರಿಸದೆ ನೆಲಕ್ಕೆ ಹಾಕಿ. ಹಿತ್ತಲಿಲ್ಲದಿದ್ದರೆ ಅಗಲವಾದ ಮರದ ಪೆಟ್ಟಿಗೆ. ನೆಡುವಾಗ ಬೇರಿನ ಕೆಳಗೆ ಒಂದು ಚಪ್ಪಟೆ ಟೈಲ್ಸ್ ತುಂಡು ಇಟ್ಟರೆ ಬೇರು ಆಳಕ್ಕೆ ಇಳಿಯದೆ ಪಕ್ಕಕ್ಕೆ ಹರಡುತ್ತದೆ. ಮೇಲೆ ಬೇಕಾದ ಹಾಗೆ ಬೆಳೆಯಲಿ, ನೋಡಲು ಚೆನ್ನಾಗಿಲ್ಲ ಅಂತ ಕೈ ಹಾಕಬೇಡಿ. ನನ್ನ ಹಿತ್ತಲಲ್ಲಿ ಇಂಥ ಗಿಡದ ಬುಡ ಇಮ್ಮಡಿ ಆಗಲು ನಾಲ್ಕೈದು ವರ್ಷ ಹಿಡಿಯಿತು. ಕಸಿ ಗಂಟಿನ ಸಮಸ್ಯೆ ಇದರಲ್ಲೂ ಹೋಗುವುದಿಲ್ಲ, ಮೊದಲು ಗೂಟಿ ಕಟ್ಟಿ ಆಮೇಲೆ ನೆಲಕ್ಕೆ ಹಾಕಿದರೆ ಮಾತ್ರ ಹೋಗುತ್ತದೆ.

ಕತ್ತರಿಸುವ ದಿನ

ಯಾವ ದಾರಿ ಹಿಡಿದರೂ ಒಂದು ದಿನ ಗರಗಸ ಹಿಡಿಯಲೇಬೇಕು. ಆಗ ಮಾಡುವ ತಪ್ಪುಗಳು ಹೆಚ್ಚುಕಮ್ಮಿ ಎಲ್ಲರವೂ ಒಂದೇ.

ಕಾಂಡವನ್ನು ಹತ್ತಿರದಿಂದ ನೋಡಿದರೆ ಸುತ್ತಲೂ ಬಳೆಯಂಥ ತೆಳು ಗೆರೆಗಳು ಕಾಣುತ್ತವೆ. ಅವು ಹಳೆಯ ಗೆಣ್ಣುಗಳು. ಮೇಪಲ್‌ನ ಎಲೆ ತುಳಸಿಯ ಹಾಗೆ ಎದುರುಬದುರು ಜೋಡಿ, ಹಾಗಾಗಿ ಪ್ರತಿ ಗೆರೆಯಲ್ಲೂ ಎರಡು ಮಲಗಿದ ಕಣ್ಣು ಇರುತ್ತವೆ, ಒಂದು ಈ ಕಡೆ, ಒಂದು ಆ ಕಡೆ. ಹೊಸ ಚಿಗುರು ಬಹುಪಾಲು ಅಲ್ಲಿಂದಲೇ. ಗೆರೆಗೆ ಅಂಟಿಸಿಕೊಂಡು ಕತ್ತರಿಸಿದರೆ ಮೇಲಿನಿಂದ ಒಣಗುತ್ತಾ ಬರುವ ಕಟ್ಟಿಗೆ ಆ ಗೆರೆಯನ್ನೂ ನುಂಗಿ ಕೆಳಗಿನ ಗೆರೆಯವರೆಗೆ ಹೋಗುತ್ತದೆ. ನನ್ನ ಒಂದು ಗಿಡದಲ್ಲಿ ಹೀಗೆ ಒಂದು ಪಕ್ಕದ ತೊಗಟೆ ಪಟ್ಟಿಯಾಗಿ ಸತ್ತು ಬುಡದವರೆಗೆ ಇಳಿಯಿತು. ಅದಕ್ಕೇ ಬೇಕಾದ ಗೆರೆಯಿಂದ ಎರಡು ಮೂರು ಸೆಂ.ಮೀ. ಮೇಲೆ, ಅಡ್ಡಡ್ಡ ನೇರವಾಗಿ ಕತ್ತರಿಸಿ. ಓರೆ ಕತ್ತರಿ ಚೆಂದ, ಆದರೆ ಅದು ಮುಂದಿನ ವರ್ಷದ ಕೆಲಸ. ಯಾವ ಕಣ್ಣು ಎಚ್ಚರಾಗುತ್ತದೆ ಅಂತ ಮೊದಲೇ ಗೊತ್ತಿರುವುದಿಲ್ಲವಲ್ಲ. ಚಿಗುರು ಗಟ್ಟಿಯಾದ ಮೇಲೆ ಅದರ ಹಿಂಬದಿಯಿಂದ ಇಳಿಜಾರಾಗಿ ಸವರಿದರಾಯಿತು.

ಕತ್ತರಿಸಿ ಮೂರರಿಂದ ಆರು ವಾರ ಏನೂ ಆಗದೆ ಇರಬಹುದು. ಗಿಡ ಸಾಯುವುದು ನಿಜವಾಗಿ ಈ ಹೊತ್ತಿನಲ್ಲಿ, ಅದೂ ನಮ್ಮ ಪ್ರೀತಿಯಿಂದ. ಎಲೆಯಿಲ್ಲದ ಮೋಟು ನೀರು ಕುಡಿಯುವುದೇ ಇಲ್ಲ ಅನ್ನಬಹುದು. ನಾವು ಪಾಪ ಅಂತ ದಿನಾ ನೀರು ಹಾಕುತ್ತೇವೆ, ಗೊಬ್ಬರವನ್ನೂ ಹಾಕುತ್ತೇವೆ, ಬೇರು ಕೊಳೆಯುತ್ತದೆ. ಮೇಲ್ಮಣ್ಣು ಬೆರಳಿಗೆ ಒಣ ಅನ್ನಿಸಿದ ಮೇಲೆಯೇ ನೀರು. ಗೊಬ್ಬರ ಹೊಸ ಎಲೆ ಬಲಿತ ಮೇಲೆ. ಅದೇ ವರ್ಷ ಬೇರು ಬಿಡಿಸಿ ಕುಂಡ ಬದಲಿಸುವುದು ಬೇಡ, ಒಂದು ವರ್ಷ ತಲೆ, ಇನ್ನೊಂದು ವರ್ಷ ಕಾಲು. ಮೋಟಿಗೆ ಜುಲೈ ಮಧ್ಯಾಹ್ನದ ಬಿಸಿಲು ನೇರವಾಗಿ ಹೊಡೆಯದಿರಲಿ, ಎಲೆಯ ನೆರಳು ಹೋದ ತೊಗಟೆ ಸುಡುತ್ತದೆ.

ಚಿಗುರು ಬಂದಾಗ ಒಂದನ್ನು ಮಾತ್ರ ಬಿಟ್ಟು ಉಳಿದದ್ದು ಕೀಳುವ ಆತುರ ಎಲ್ಲರಿಗೂ. ಮೊದಲ ಬೇಸಿಗೆ ನಾಲ್ಕೈದು ಇರಲಿ. ಒಂದೇ ಜಾಗದಿಂದ ಗುಂಪಾಗಿ ಬಂದವನ್ನು ಮಾತ್ರ ತೆಗೆಯಿರಿ, ಇಲ್ಲದಿದ್ದರೆ ಅಲ್ಲಿ ಗಂಟು ಉಬ್ಬುತ್ತದೆ. ಕತ್ತರಿಸಿದ ಅಂಚಿನ ಮೇಲೆಯೇ ಹುಟ್ಟಿದ್ದನ್ನು ನಂಬಬೇಡಿ, ಗಾಳಿಗೆ ಕಿತ್ತು ಬರುತ್ತವೆ. ಗೆರೆಯಲ್ಲಿ ಹುಟ್ಟಿದ, ಬುಡ ಗಟ್ಟಿ ಇರುವ ಒಂದನ್ನು ಆರಿಸಿ, ಇನ್ನೂ ಎಳೆಯದಿರುವಾಗಲೇ ತಂತಿ ಸುತ್ತಿ ಸ್ವಲ್ಪ ಓರೆ ಮಾಡಿ. ತಿಂಗಳಾದರೆ ಅದು ಕೋಲಿನ ಹಾಗೆ ನಿಂತುಬಿಡುತ್ತದೆ, ಬಗ್ಗಿಸಿದರೆ ಬುಡದಲ್ಲೇ ಸೀಳುತ್ತದೆ. ತಂತಿಯ ಮೇಲೆ ಕಣ್ಣಿರಲಿ, ಬೇಸಿಗೆಯಲ್ಲಿ ಮೇಪಲ್ ತೊಗಟೆಗೆ ಅದು ನಾಲ್ಕೇ ವಾರದಲ್ಲಿ ಕಚ್ಚಿಕೊಳ್ಳುತ್ತದೆ, ಆ ಕಲೆ ವರ್ಷಗಟ್ಟಲೆ ಹೋಗುವುದಿಲ್ಲ.

ಎರಡೂವರೆ ಸೆಂ.ಮೀ. ಗಾಯ ಪೂರ್ತಿ ಮುಚ್ಚಲು ಕುಂಡದಲ್ಲಿ ಐದಾರು ವರ್ಷ ಬೇಕಾಗಬಹುದು, ನೆಲದಲ್ಲಾದರೆ ಅರ್ಧ. ಅದರ ಮೇಲಿನ ಚಿಗುರು ಎಷ್ಟು ಓಡುತ್ತದೋ ಅಷ್ಟು ಬೇಗ. ಹಾಗಾಗಿ ಬೋನ್ಸಾಯ್ ಕುಂಡ ಈಗಲೇ ಕೊಳ್ಳಬೇಡಿ. ಕೊಂಡರೆ ಹಾಕದೆ ಇರಲು ಮನಸ್ಸಾಗುವುದಿಲ್ಲ.

ಬಿಡುವು ಸಿಕ್ಕಾಗ ಒಮ್ಮೆ ವಾಷಿಂಗ್ಟನ್‌ನ ನ್ಯಾಷನಲ್ ಆರ್ಬೊರೇಟಂ ಅನ್ನುವ ಸಸ್ಯತೋಟಕ್ಕೆ ಹೋಗಿ ಬನ್ನಿ, ನಿಮಗೆ ಕಾರಿನಲ್ಲಿ ಕೆಲವೇ ಗಂಟೆ. 1976ರಲ್ಲಿ ಜಪಾನ್ ಕೊಟ್ಟ 53 ಬೋನ್ಸಾಯ್‌ಗಳಿಂದ ಶುರುವಾದ ಸಂಗ್ರಹ ಅಲ್ಲಿದೆ. ಎಲೆ ಉದುರಿದ ಕಾಲದಲ್ಲಿ ಹೋದರೆ ಇನ್ನೂ ಒಳ್ಳೆಯದು. ಎಲೆ ಬಿಟ್ಟು ಬರಿ ಬೊಡ್ಡೆ ನೋಡಿ. ಕಾಂಡ ಎಲ್ಲಿ ಇದ್ದಕ್ಕಿದ್ದಂತೆ ಸಣ್ಣದಾಗಿ ಓರೆ ತಿರುಗುತ್ತದೆ ಅಂತ ಹುಡುಕಿ. ಎಷ್ಟೋ ಮರಗಳಲ್ಲಿ ಅಂಥ ತಿರುವು ಯಾರೋ ಎಂದೋ ಹಾಕಿದ ಕತ್ತರಿಯ ಗುರುತು.

ಇನ್ನು ಅಮ್ಮನ ಪ್ರಶ್ನೆ. ಕತ್ತರಿಸಿದ ತುಂಡನ್ನು ಸೂಟ್‌ಕೇಸಿನಲ್ಲಿ ತರಲು ಆಗುವುದಿಲ್ಲ. ಜೀವಂತ ಗಿಡ ಭಾರತದೊಳಗೆ ತರಲು ಆಮದು ಪರವಾನಗಿ ಬೇಕು, ಅಮೆರಿಕದಿಂದ ಗಿಡದ ಆರೋಗ್ಯದ ಪ್ರಮಾಣಪತ್ರವೂ ಬೇಕು. ಅದೆಲ್ಲ ಆದರೂ ಮೈಸೂರಿನಲ್ಲಿ ಜಪಾನೀಸ್ ಮೇಪಲ್‌ಗೆ ಸುಖ ಇಲ್ಲ. ಅದಕ್ಕೆ ವರ್ಷಕ್ಕೊಮ್ಮೆ ವಾರಗಟ್ಟಲೆ ನಿಜವಾದ ಚಳಿಯಲ್ಲಿ ಮಲಗಬೇಕು. ಮೈಸೂರಿನ ಜನವರಿ ಅದಕ್ಕೆ ಚಳಿಯೇ ಅಲ್ಲ, ವಸಂತದಲ್ಲಿ ಚಿಗುರು ಸರಿಯಾಗಿ ಒಡೆಯದೆ ಒಂದೆರಡು ವರ್ಷದಲ್ಲಿ ಸೊರಗುತ್ತದೆ. ಅಮ್ಮನಿಗೆ ಗೋಡೆ ಬಿರುಕಿನಲ್ಲಿ ಹುಟ್ಟಿದ ಒಂದು ಆಲವನ್ನೋ ಅತ್ತಿಯನ್ನೋ ಬೇರು ಸಮೇತ ಕೀಳಿಸಿ ಕುಂಡಕ್ಕೆ ಹಾಕಲು ಹೇಳಿ. ಬೇರು ಕಚ್ಚಿಕೊಂಡ ಮೇಲೆ ಮಳೆಗಾಲದ ಮುಂಚೆ ಗಿಡ್ಡಕ್ಕೆ ಕತ್ತರಿಸಿದರೆ ಹಾಲು ಸೋರುತ್ತದೆ, ಗಾಬರಿ ಬೇಡ, ಒರೆಸಿದರಾಯಿತು. ಮಳೆ ಹಿಡಿಯುವ ಹೊತ್ತಿಗೆ ಸುತ್ತ ಚಿಗುರು. ಅದಕ್ಕೆ ಗ್ಯಾರೇಜೂ ಬೇಡ, ನನ್ನ ಹತ್ತಿರ ಕೇಳುವುದೂ ಬೇಡ.